ಕಡ್ಡಿ ವಾಪಸ್ ಕಳಿಸೋದಿಲ್ಲ

ನಮ್ಮತ್ತೆ ಕೆಂಪಾಜಮ್ಮ ಒಲೆ ಉರಿಯುತ್ತಿರುವ ಬ್ಯಾರನ್ ಬಿಟ್ಟು ಊರಾಚೆ ಕಾಲಿಟ್ಟವರಲ್ಲ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡುಮನೆ; ಸೊಪ್ಪು ಅದರೊಳಗೆ ಏರಿತು ಅಂದರೆ, ಇಳಿಯುವ ತನಕ ಅವರ ಊಟ, ನಿದ್ದೆ, ಜಗಳ ಎಲ್ಲ ಬ್ಯಾರನ್ ಬಾಗಿಲ ಮುಂದೆಯೇ. ಅಂಥವರನ್ನು ನಾನು ಬಿಳಿಕೆರೆಯ ಬೀಗರೂಟಕ್ಕೆ ಹೊರಡಿಸಿದ್ದೆ. ಹೊರಡಿಸಿದ್ದು ನನ್ನ ಮಾತಿನ ಬಲದ ಮೇಲೆ, ನನ್ನ ಫೋನಿನ ಬಲದ ಮೇಲೆ. ಆ ಭಾನುವಾರದ ಸುದ್ದಿ ಎತ್ತಿದರೆ ಈಗಲೂ ಮೊದಲು ಎದೆ ಧಸಕ್ ಅನ್ನುತ್ತದೆ, ಆಮೇಲೆ ನಗು ಬರುತ್ತದೆ.

ನನ್ನ ಹೆಸರು ಲಕ್ಷ್ಮಿದೇವಿ. ಹುಣಸೂರಿನ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ನಾವು ನಾಲ್ಕು ಜನ ಸೇರಿ ಬ್ಯಾರನ್ ಕಾಯುವ ಒಂದು ಡಬ್ಬ ಮಾಡಿದ್ದೇವೆ. ಬ್ಯಾರನ್ ಒಳಗಿನ ಬಿಸಿ ಇರಬೇಕಾದ್ದಕ್ಕಿಂತ ಏರಿದರೂ ಇಳಿದರೂ ಡಬ್ಬ ಮನೆಯವರ ಫೋನಿಗೆ ಸುದ್ದಿ ಮುಟ್ಟಿಸುತ್ತದೆ, ಫೋನು ಸತ್ತವರೂ ಎದ್ದು ಕೂರುವಂತೆ ಬಡಿದುಕೊಳ್ಳುತ್ತದೆ. ಬಿಸಿ ಇಳಿದರೆ ಸೊಪ್ಪಿನ ಬಣ್ಣ ಕೆಡುತ್ತದೆ. ಏರಿದರೆ ಒಂದು ಒಣಗಿದ ಎಲೆ ಒಲೆಯ ಬಿಸಿ ಹರಿಯುವ ಕೊಳವೆಯ ಮೇಲೆ ಬಿದ್ದರೂ ಸಾಕು, ಬ್ಯಾರನ್ನಿಗೆ ಬ್ಯಾರನ್ನೇ ಬೂದಿ. ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಡಬ್ಬ ಕಟ್ಟುವವನು ಕಿರಣ್‌ಕುಮಾರ್. ಪಿರಿಯಾಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೆ.ಆರ್. ನಗರದ ಶಶಿಕುಮಾರ್ ಅಕ್ಕಿ ಗಿರಣಿಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಡುವವರು, ನಮಗೆಲ್ಲ ಹಿರಿಯರು. ನಾಲ್ಕನೆಯವಳು ಪ್ರೇಮಾ. ಎಚ್.ಡಿ. ಕೋಟೆ ಕಡೆ ಅಂತರಸಂತೆಯಾಚೆಯ ಕಾಡಂಚಿನ ಹಾಡಿಯ ಹುಡುಗಿ, ಡಿಪ್ಲೊಮಾ ಮುಗಿಸಿ ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಡಬ್ಬದೊಳಗಿನ ಪ್ರೋಗ್ರಾಮನ್ನು ನಾಲ್ವರೂ ನಾಲ್ಕು ಕಡೆಯಿಂದ ತಿದ್ದುತ್ತೇವೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು. ಒಪ್ಪಿದರೆ ಹೊಸ ಪ್ರೋಗ್ರಾಂ ಇಂಟರ್ನೆಟ್ ಮೂಲಕ ತಾನಾಗಿ ಎಲ್ಲ ಡಬ್ಬಗಳಿಗೂ ಹೋಗಿ ಕೂರುತ್ತದೆ.

ನಾಲ್ಕು ಜನ ಸೇರಿದ ಮೇಲೆ ಜಗಳ ಬೇಡವೇ? ನಮ್ಮದು ಖಾಲಿ ಜಾಗದ ಜಗಳ.

ಶಶಿಕುಮಾರರದು ಶಿಸ್ತಿನ ಕೈ. ಸಾಲಿನ ಮುಂದೆ ಇಷ್ಟೇ ಜಾಗ ಬಿಡಬೇಕು, ಹೆಸರುಗಳನ್ನು ಹೀಗೇ ಇಡಬೇಕು, ಆವರಣ ಇಲ್ಲೇ ಮುಚ್ಚಬೇಕು ಎಂದು ಪುಟಗಟ್ಟಲೆ ನಿಯಮ ಬರೆದಿಟ್ಟಿದ್ದರು. ಅಷ್ಟು ಸಾಲದು ಅಂತ ಒಂದು ಗೇಟೂ ಹಾಕಿದ್ದರು. ಗೇಟು ಅಂದರೆ ಒಂದು ಚಿಕ್ಕ ಪ್ರೋಗ್ರಾಂ. ನಾವು ಕಳಿಸಿದ ಕೋಡ್ ನಿಯಮದಂತಿಲ್ಲದಿದ್ದರೆ ಅದನ್ನು ಮನುಷ್ಯರ ಕಣ್ಣಿಗೆ ಬೀಳಿಸದೆ ಹಾಗೇ ಹಿಂದಕ್ಕೆ ದಬ್ಬುತ್ತಿತ್ತು. ಕಿರಣನದು ಹೆಚ್ಚು ಕಡಿಮೆ ದಿನಾ ವಾಪಸ್ಸಾಗುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳ ನಡುವೆ ಬರೆಯುವವನು, ಅವನ ಕೋಡ್ ಅವನ ಮೇಜಿನ ಹಾಗೇ ಇರುತ್ತಿತ್ತು.

"ನಾನ್ ಬರ್ದಿದ್ದು ಓಡ್ತದೋ ಇಲ್ವೋ ನೋಡ್ರಣ್ಣ," ಎಂದು ಅವನು ಒಂದು ದಿನ ನಾಲ್ವರ ಕಾಲ್‌ನಲ್ಲೇ ಶಶಿಕುಮಾರರಿಗೆ ಹೇಳಿದ. "ಲೈನ್ ಕೊನೇಲಿ ಖಾಲಿ ಜಾಗ ಐತೆ ಅಂತ ವಾಪಸ್ ಕಳುಸ್ತೀರಲ್ಲ, ಖಾಲಿ ಜಾಗ ಯಾರಿಗೆ ಕಾಣ್ತದೆ?"

"ಇವತ್ತು ಖಾಲಿ ಜಾಗ ಬಿಟ್ಟವನು ನಾಳೆ ಇನ್ನೇನೋ ಬಿಡ್ತಾನೆ," ಅಂದರು ಶಶಿಕುಮಾರ್.

ಎತ್ತು ಏರಿಗೆಳೆದರೆ ಕೋಣ ನೀರಿಗೆ. ಕಿರಣ, "ಇನ್ನು ನಿಮ್ ಸಾವಾಸ ಬ್ಯಾಡ, ನಾನ್ ಬತ್ತೀನಿ," ಎಂದು ಫೋನಿಟ್ಟ. ಸೊಪ್ಪು ಬೇಯಿಸುವ ಕಾಲ, ಹಳ್ಳಿಗಳಲ್ಲಿ ಡಬ್ಬ ಕೆಟ್ಟರೆ ಹೋಗಿ ನೋಡಲು ಅವನೊಬ್ಬನೇ ಗತಿ. ನನಗೆ ರೇಗಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ ಅಂತಾರೆ, ಇವರು ಅಡಿಕೆಯೂ ಅಲ್ಲದ ಖಾಲಿ ಜಾಗಕ್ಕೆ ಸ್ನೇಹ ಕಳೆದುಕೊಳ್ಳುತ್ತಿದ್ದರು. ಯಾರನ್ನೂ ಕೇಳದೆ ಗೇಟನ್ನು ನಾನೇ ತೆಗೆದುಹಾಕಿದೆ. ಕಿರಣನಿಗೆ ಫೋನ್ ಮಾಡಿ, ನೀನು ಹೇಗೆ ಬೇಕಾದರೂ ಬರಿ ಮಾರಾಯ, ಬಿಟ್ಟು ಮಾತ್ರ ಹೋಗಬೇಡ ಅಂದೆ. ಶಶಿಕುಮಾರ್ ಮಾತ್ರ ತಮ್ಮ ಕೋಡನ್ನು ಮೊದಲಿನಂತೆಯೇ ನಿಯಮದ ಪ್ರಕಾರ ಕಳಿಸುತ್ತಾ ಹೋದರು. ಅದೇ ನನಗೆ ಹೆಚ್ಚು ಚುಚ್ಚಿತು.

ಬೀಗರೂಟಕ್ಕೆ ಎರಡು ದಿನ ಮುಂಚೆ ಕಿರಣನ ತಿದ್ದುಪಡಿ ಬಂತು. ಕರೆಂಟ್ ಹೋಗಿ ಬಂದರೆ ಡಬ್ಬ ತಾನೇ ಎದ್ದು ಕೆಲಸ ಶುರುಮಾಡುವ ಹಾಗೆ ಮಾಡಿದ್ದ, ಒಳ್ಳೆಯ ಕೆಲಸ. ಆದರೆ ತೆರೆದು ನೋಡಿದರೆ ಪರದೆ ತುಂಬ ಕೆಂಪು ಹಸಿರು; ಅಳಿಸಿದ ಸಾಲು ಕೆಂಪು, ಹೊಸದು ಹಸಿರು. ಅವನ ಹೊಸ ಲ್ಯಾಪ್‌ಟಾಪ್ ಎಲ್ಲ ಸಾಲುಗಳ ಮುಂದಿನ ಜಾಗವನ್ನು ತನಗೆ ತೋಚಿದಂತೆ ಬದಲಿಸಿಬಿಟ್ಟಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಪ್ರತಿ ಸಾಲೂ ಹೊಸದು. ನೂರಾರು ಸಾಲು ಉರುಳಿಸಿ ಉರುಳಿಸಿ ಕಣ್ಣು ಸೋತಿತು. ಇದನ್ನು ಈಗ ವಾಪಸ್ ಕಳಿಸಿದರೆ ಮತ್ತೆ ಮುನಿಸು. ಬಿಡು ಅತ್ಲಾಗೆ ಅಂತ ಒಪ್ಪಿಬಿಟ್ಟೆ. ಹೊಸ ಪ್ರೋಗ್ರಾಂ ಎಲ್ಲ ಡಬ್ಬಗಳಿಗೂ ಹೋಗಿ ಕೂತಿತು.

ಇತ್ತ ಮನೆಯಲ್ಲಿ ಬೀಗರೂಟದ ಗದ್ದಲ. ನನ್ನ ನಾದಿನಿಯ ಮದುವೆ ಶ್ರಾವಣಕ್ಕೆ ಮುಂಚೆಯೇ ಆಗಿತ್ತು. ಶ್ರಾವಣದಲ್ಲಿ ಅರ್ಧ ನೆಂಟರು ಮಾಂಸ ಮುಟ್ಟುವುದಿಲ್ಲ, ಹಾಗಾಗಿ ಬಿಳಿಕೆರೆಯ ಬೀಗರು ಊಟವನ್ನು ಮುಂದಕ್ಕೆ ಹಾಕಿದ್ದರು. ಅದು ಸರಿಯಾಗಿ ನಮ್ಮ ಬ್ಯಾರನ್ ತುಂಬಿದ ವಾರಕ್ಕೇ ಬಂದು ಕೂತಿತು. ಅತ್ತೆ, "ನೀವೆಲ್ಲ ಓಗಿ, ನಾನ್ ಬ್ಯಾರನ್ ಕಾಯ್ತೀನಿ," ಅಂದರು. ಹೆಣ್ಣು ಹೆತ್ತ ತಾಯಿಯೇ ಬೀಗರೂಟಕ್ಕೆ ಬರಲಿಲ್ಲ ಅಂದರೆ ಬೀಗರು ಜನ್ಮಪೂರ್ತಿ ಆಡಿಕೊಳ್ಳುತ್ತಾರೆ. ನಾದಿನಿ ಫೋನಿನಲ್ಲಿ ಅತ್ತಳು. ನಾನು ಅತ್ತೆಯ ಮುಂದೆ ಕೂತು ಫೋನ್ ತೋರಿಸಿ, ಒಲೆಗೆ ಸಂಜೆ ತನಕ ಉರಿಯುವ ದಪ್ಪ ಸೌದೆ ತುಂಬಿ ಹೋಗೋಣ, ಏನಾದರೂ ಹೆಚ್ಚುಕಮ್ಮಿ ಆದರೆ ಇದು ಕೂಗುತ್ತದೆ, ಬಿಳಿಕೆರೆಯಿಂದ ಮನೆಗೆ ಬರುವುದು ಎಷ್ಟು ಹೊತ್ತಿನ ಮಾತು ಅಂದೆ. ಅವರು ಫೋನನ್ನೂ ನನ್ನನ್ನೂ ಸರದಿಯ ಮೇಲೆ ನೋಡಿ ಒಪ್ಪಿದರು.

ಭಾನುವಾರ ಬಿಳಿಕೆರೆಯ ಛತ್ರದಲ್ಲಿ ಮೊದಲನೇ ಪಂಕ್ತಿಗೇ ನಮ್ಮನ್ನು ಕೂರಿಸಿದರು. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು ಬಂತು. ಅತ್ತೆ ಎಲೆಯ ಮೇಲೆ ಬೆರಳಾಡಿಸುತ್ತಾ ಪಕ್ಕದಲ್ಲಿದ್ದ ನನ್ನ ಫೋನನ್ನೇ ನೋಡುತ್ತಿದ್ದರು.

"ಇನ್ನೂ ಕೂಗ್ನಿಲ್ವಾ ಅದು?"

"ಎಲ್ಲ ಸರಿಯಿದ್ದರೆ ಅದು ಕೂಗೋದಿಲ್ಲ ಅತ್ತೆ. ನೀವು ಊಟ ಮಾಡಿ."

ಅವರು ಮುದ್ದೆ ಮುರಿದರು, ಬಾಯಿಗಿಡಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು, "ಕೂಗ್ಬೇಕಾಗಿತ್ತು ಕಣವ್ವ. ಬರೋವಾಗ ಒಲೆಯಿಂದ ಸೌದೆ ಎಳ್ದಾಕಿ ಬಂದಿವ್ನಿ. ಇಷ್ಟೊತ್ತಿಗೆ ಬಿಸಿ ಕೆಳೀಕೆ ಬಂದಿರ್ಬೇಕು."

ನನಗೆ ಅರ್ಥವಾಗಲು ಒಂದು ತುತ್ತಿನಷ್ಟು ಹೊತ್ತು ಹಿಡಿಯಿತು. ಅತ್ತೆ ನನ್ನ ಫೋನನ್ನು ಪರೀಕ್ಷೆಗೆ ಹಾಕಿದ್ದರು. ಹೊಸ ಎತ್ತನ್ನು ಗಾಡಿಗೆ ಕಟ್ಟಿ ಒಂದು ಸುತ್ತು ಹೊಡೆಸದೆ ಕೊಳ್ಳುವವರಲ್ಲ ಅವರು. "ಸೊಪ್ಪು ಕೆಡೋದಿಲ್ವಾ?" ಅಂದೆ. "ಇನ್ನೂ ಹಳ್ದಿ ತಿರುಗ್ತಾ ಐತೆ, ಸಂಜೆಗಂಟ ತಡೀತದೆ," ಅಂದರು. ಎಂಜಲು ಕೈಯಲ್ಲೇ ಫೋನ್ ತೆರೆದೆ. ನಮ್ಮ ಬ್ಯಾರನ್ನಿನ ಬಿಸಿ ಗೆರೆಗಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಅಂಕಿ ಕೆಂಪಗೆ ಉರಿಯುತ್ತಿತ್ತು. ಫೋನು ಮಾತ್ರ ತಣ್ಣಗೆ ಮಲಗಿತ್ತು.

ನನಗೆ ಹತ್ತಿದ್ದು ನಮ್ಮ ಬ್ಯಾರನ್ನಿನ ಚಿಂತೆ ಅಲ್ಲ. ನಮ್ಮದು ಕೂಗಲಿಲ್ಲ ಅಂದರೆ ನಾಲ್ಕು ತಾಲ್ಲೂಕಿನ ಯಾವ ಡಬ್ಬವೂ ಕೂಗುವುದಿಲ್ಲ. ಎಷ್ಟೋ ಮನೆಯವರು ಅದನ್ನು ನಂಬಿ ಹೊಲಕ್ಕೋ ಸಂತೆಗೋ ನಮ್ಮ ಹಾಗೇ ಊಟಕ್ಕೋ ಹೋಗಿರುತ್ತಾರೆ. ಕೆಲವರ ಬ್ಯಾರನ್ ಕೊನೇ ಹಂತದಲ್ಲಿ, ಎಲೆಯ ನರ ಒಣಗಿಸುವ ದೊಡ್ಡ ಉರಿಯಲ್ಲಿ ಇರುತ್ತದೆ. ನಾನು ಎಲೆ ಬಿಟ್ಟು ಎದ್ದೆ. ಪಂಕ್ತಿಯ ನಡುವೆ ಏಳಬಾರದು ಅಂತ ಯಾರೋ ಬೀಗಿತ್ತಿ ಅಂದರು. ಅತ್ತೆ ಅವರಿಗೆ, "ಅವ್ಳ ಕೆಲ್ಸ ಅಂಗೇ, ನೀವು ಉಣ್ಣಿ," ಅಂದದ್ದು ಕೇಳಿಸಿತು.

ಛತ್ರದ ಹಿಂದೆ, ತೊಳೆಯಲು ಬೋರಲು ಹಾಕಿದ್ದ ಹಂಡೆಗಳ ಪಕ್ಕ ನಿಂತು ಮೂವರನ್ನೂ ಒಟ್ಟಿಗೆ ಕಾಲ್‌ಗೆ ಕರೆದೆ. ವಿಷಯ ಹೇಳಿದೆ. ಶಶಿಕುಮಾರ್ ಈಗ ಶುರು ಮಾಡುತ್ತಾರೆ, ಗೇಟ್ ತೆಗೆದದ್ದು ಯಾರು ಅಂತ ಕೇಳುತ್ತಾರೆ ಎಂದು ಕಾದೆ.

"ಮೊದ್ಲು ಎಲ್ರಿಗೂ ಫೋನ್ ಮಾಡೋಣ," ಅಂದರು ಅವರು. "ಅವರವರ ತಾಲ್ಲೂಕು ಅವರವರು. ಡಬ್ಬ ನಂಬಬೇಡಿ, ಹೋಗಿ ಬಾಗಿಲಲ್ಲಿ ನಿಂತ್ಕೊಳ್ಳಿ ಅಂತ ಹೇಳಿ."

ಆ ಮಾತಿಗೆ ಅವರ ಪುಟಗಟ್ಟಲೆ ನಿಯಮವನ್ನೆಲ್ಲ ಆ ಕ್ಷಣವೇ ಕ್ಷಮಿಸಿದೆ. ಹೆದ್ದಾರಿಯಲ್ಲಿ ಬಸ್ಸುಗಳು ಅರಚಿಕೊಂಡು ಹೋಗುತ್ತಿದ್ದವು, ಒಂದು ಕಿವಿ ಮುಚ್ಚಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಕೆಲವರು ಬ್ಯಾರನ್ ಮುಂದೆಯೇ ಇದ್ದರು. ಕೆಲವರು ಎದ್ದು ಓಡಿದರು. ಒಬ್ಬ ನನ್ನನ್ನು ಬಾಯಿಗೆ ಬಂದಂತೆ ಬೈದ, ಬೈಸಿಕೊಂಡೆ. ಬ್ಯಾರನ್ ನೋಡಿಕೊಂಡು ಬಂದು ಅವನೇ ಮತ್ತೆ ಫೋನ್ ಮಾಡಿ, ಏನೂ ಆಗಿಲ್ಲ ಕಣಮ್ಮ ಅಂದ. ನನ್ನ ಪಾಲಿನವರೆಲ್ಲ ಸಿಕ್ಕರು. ಕೆ.ಆರ್. ನಗರದ ಕಡೆಯವರೂ ಕೋಟೆ ಕಡೆಯವರೂ ಸಿಕ್ಕರು. ಮತ್ತೆ ನಾಲ್ವರೂ ಕಾಲ್‌ಗೆ ಬಂದಾಗ ಉಳಿದದ್ದು ಒಂದೇ ಬ್ಯಾರನ್. ಅದು ಕಿರಣನ ಅಪ್ಪ ತಿಮ್ಮಯ್ಯನವರದು.

"ಅಪ್ಪ ಫೋನ್ ಎತ್ತುತಾ ಇಲ್ಲ ಕಣಕ್ಕ," ಅಂದ ಕಿರಣ. "ನಮ್ದು ಕೊನೇ ಉರಿ. ಡಬ್ಬದಿಂದಾನೂ ಸುದ್ದಿ ಇಲ್ಲ. ನೆಟ್‌ವರ್ಕ್ ಇಲ್ದೆ ಇರ್ಬೇಕು ಅಂತ ಸುಮ್ಕಿದ್ದೆ." ಅಂಗಡಿ ಷಟರ್ ಎಳೆದ ಸದ್ದು ಕೇಳಿತು, ಬೈಕ್ ಶುರುವಾಯಿತು, ಕಾಲ್ ಕಡಿಯಿತು.

ಉಳಿದ ಮೂವರು ತಪ್ಪು ಹುಡುಕಲು ಕೂತೆವು. ತಪ್ಪು ಕಿರಣನ ತಿದ್ದುಪಡಿಯಲ್ಲೇ ಇದೆ ಎಂಬುದು ಖಚಿತ, ಅದಕ್ಕೆ ಮುಂಚೆ ಡಬ್ಬ ಚೆನ್ನಾಗಿ ಕೂಗುತ್ತಿತ್ತು. ಆದರೆ ಎಲ್ಲಿ? ಶಶಿಕುಮಾರ್ ತಮ್ಮ ಪರದೆ ನೋಡುತ್ತಾ, "ಎಲ್ಲಾ ಸಾಲೂ ಬದಲಾಗಿದೆ ಕಣ್ರೀ. ಯಾವುದನ್ನ ನೋಡ್ಲಿ?" ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಬರೀ ಸುಸ್ತು. ನಾನು ಎರಡು ದಿನದ ಹಿಂದೆ ಅದೇ ಪರದೆಯ ಮುಂದೆ ಅದೇ ಸುಸ್ತಿನಲ್ಲಿ ಕಣ್ಣು ಮುಚ್ಚಿದ್ದೆ.

ಆಗ ಪ್ರೇಮಾ, "ಅಕ್ಕಾ, ಎರಡನ್ನೂ ಬಾಚಿ ನೋಡ್ಲಾ?" ಅಂದಳು.

"ಬಾಚೋದು ಅಂದರೆ?"

"ನನ್ನತ್ರ ಒಂದು ಪ್ರೋಗ್ರಾಂ ಐತೆ. ಕೋಡ್ ಹೆಂಗೇ ಕೊಟ್ರೂ ಒಂದೇ ತರ ಜೋಡಿಸಿಕೊಡ್ತದೆ. ಶಶಿಯಣ್ಣನ ಗೇಟಿಗೆ ಕಳಿಸೋಕೆ ಮುಂಚೆ ದಿನಾ ಅದ್ರಲ್ಲಿ ಬಾಚಿಯೇ ಕಳುಸ್ತಿದ್ದೆ. ಹಳೇದನ್ನೂ ಕಿರಣಣ್ಣಂದನ್ನೂ ಒಂದೇ ತರ ಬಾಚಿ ಪಕ್ಕ ಪಕ್ಕ ಇಟ್ರೆ, ನಿಜವಾಗ್ಲೂ ಬದಲಾಗಿರೋದು ಮಾತ್ರ ಉಳೀತದೆ."

ಪ್ರೇಮಳ ಕೋಡ್ ಒಮ್ಮೆಯೂ ವಾಪಸ್ಸಾದದ್ದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವಳು ಜಗಳಕ್ಕೂ ಬಂದವಳಲ್ಲ. ನಾವು ಮೂವರು ಕಿತ್ತಾಡುತ್ತಿದ್ದಾಗ ಅವಳು ತನ್ನ ಪಾಡಿಗೆ ಬಾಚಿ ಕಳಿಸಿ ಮನೆಗೆ ಹೋಗುತ್ತಿದ್ದಳು.

ಕೀಲಿಮಣೆಯ ಸದ್ದು ಕೇಳಿತು. "ಸಿಕ್ತು," ಅಂದಳು. ಕರೆಂಟಿನ ವಿಷಯದ ಕೆಲವು ಸಾಲು, ಅವು ಸರಿಯಾಗಿದ್ದವು. ಅವುಗಳ ಕೆಳಗೆ ಒಂದೇ ಒಂದು ಸಾಲು: ಕೂಗು ಬಂದ್. ಕಿರಣ ಅಂಗಡಿಯಲ್ಲಿ ಡಬ್ಬ ಪರೀಕ್ಷೆ ಮಾಡುವಾಗ ಫೋನು ಗಂಟೆಗಟ್ಟಲೆ ಬಡಿದುಕೊಂಡು ಗಿರಾಕಿಗಳು ಬೈದಿರಬೇಕು, ಬಾಯಿ ಮುಚ್ಚಿಸಿದ್ದ. ತೆರೆಯುವುದನ್ನು ಮರೆತಿದ್ದ. ಯಾರಾದರೂ ಮರೆಯಬಹುದಾದದ್ದೇ. ಅದನ್ನು ಹಿಡಿಯಲಿ ಅಂತಲೇ ಇನ್ನೊಬ್ಬರು ಓದುವುದು. ಓದಿದವಳು ನಾನು, ನೂರಾರು ಸುಳ್ಳು ಬದಲಾವಣೆಗಳ ನಡುವೆ ಆ ನಿಜವಾದ ಒಂದು ನನಗೆ ಕಾಣಲಿಲ್ಲ.

ಪ್ರೇಮಾ ಸಾಲು ಅಳಿಸಿದಳು, ಶಶಿಕುಮಾರ್ ಓದಿದರು, ಇಬ್ಬರೂ ಒಪ್ಪಿದರು. ಸರಿಯಾದ ಪ್ರೋಗ್ರಾಂ ಡಬ್ಬಗಳ ಕಡೆ ಹೊರಟಿತು. ಅದು ಎಲ್ಲ ಕಡೆ ಹೋಗಿ ಕೂರಲು ಸ್ವಲ್ಪ ಹೊತ್ತು ಬೇಕು. ಕಿರಣನಿಂದ ಮಾತ್ರ ಸುದ್ದಿಯಿಲ್ಲ. ನಾನು ಹಂಡೆಯ ಮೇಲೆ ಕೂತೆ. ಹೊಸ ಸೀರೆಗೆ ಮಸಿ ಹತ್ತಿತು, ಹತ್ತಲಿ ಅಂತ ಬಿಟ್ಟೆ. ಅತ್ತೆ ಹುಡುಕಿಕೊಂಡು ಬಂದು ನನ್ನ ಪಕ್ಕ ನಿಂತರು.

ಕೊನೆಗೆ ನಾಲ್ವರ ಕಾಲ್ ಮತ್ತೆ ಬಂತು. ಕಿರಣ ನಗುತ್ತಿದ್ದನೋ ಅಳುತ್ತಿದ್ದನೋ ಮೊದಲು ತಿಳಿಯಲಿಲ್ಲ.

"ಏನೂ ಆಗಿಲ್ಲ ಕಣಕ್ಕ. ಅಪ್ಪ ಒಲೆ ಮುಂದೇನೇ ಕುಂತವ್ನೆ. ಫೋನ್ ಮನೇಲಿ ಚಾರ್ಜಿಗೆ ಆಕಿತ್ತಂತೆ."

"ಮತ್ತೆ ಡಬ್ಬ?"

"ಡಬ್ಬಾನ ತಗುಲಾಕೇ ಇಲ್ಲ. ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆ ಕೆಳಗೆ ಇಕ್ಕವ್ನೆ. ಯಾಕಪ್ಪ ಅಂದ್ರೆ, ನನ್ ಮಗ ಮಾಡಿರೋ ಸಾಮಾನು, ಹೊಗೆ ಹಿಡಿದ್ರೆ ಆಳಾಯ್ತದೆ ಅಂತಾನೆ."

ಶಶಿಕುಮಾರ್ ಗಟ್ಟಿಯಾಗಿ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಗು ನಿಂತ ಮೇಲೆ ಕಿರಣ, "ಗೇಟ್ ಮತ್ತೆ ಆಕ್ಬುಡಿ ಅಣ್ಣ. ನಂದೇ ತಪ್ಪು," ಅಂದ.

ನನಗೆ ಆಗ ನಮ್ಮ ಬ್ಯಾರನ್ ತುಂಬುವ ದಿನ ನೆನಪಾಯಿತು. ಹೆಂಗಸರು ಸಾಲಾಗಿ ಕೂತು ಸೊಪ್ಪನ್ನು ಉದ್ದ ಕಡ್ಡಿಗಳಿಗೆ ಕಟ್ಟುತ್ತಾರೆ. ಒಬ್ಬೊಬ್ಬರದು ಒಂದೊಂದು ಕೈ, ಒಬ್ಬಳು ಒತ್ತಾಗಿ ಕಟ್ಟಿದರೆ ಇನ್ನೊಬ್ಬಳು ಬಿಡಿಬಿಡಿಯಾಗಿ. ಅತ್ತೆ ಬಾಗಿಲಲ್ಲಿ ನಿಂತು ಪ್ರತಿ ಕಡ್ಡಿಯ ಮೇಲೂ ಕೈಯಾಡಿಸಿ, ಗೊಂಚಲುಗಳನ್ನು ಸರಿಸಮ ಸರಿಸಿ, ಮೇಲೆ ಹತ್ತಿದವನಿಗೆ ಕೊಡುತ್ತಾರೆ. ಯಾರನ್ನೂ ಕರೆದು ಬೈಯುವುದಿಲ್ಲ. ಕಣ್ಣು ಮಾತ್ರ ಎಲೆಯ ಮೇಲೆ. ಬಲಿಯದ ಹಸಿ ಎಲೆ ಒಂದು ಕಂಡರೂ ಕಿತ್ತು ಬಿಸಾಡುತ್ತಾರೆ, ಕಟ್ಟಿದವಳು ಸ್ವಂತ ತಂಗಿಯಾದರೂ ಸರಿ.

"ಅತ್ತೆ, ಕೆಟ್ಟದಾಗಿ ಕಟ್ಟಿದ ಕಡ್ಡೀನ ನೀವು ಯಾಕೆ ವಾಪಸ್ ಕಳಿಸೋದಿಲ್ಲ?" ಎಂದು ಫೋನ್ ಅವರ ಕಡೆ ಹಿಡಿದು ಕೇಳಿದೆ.

ಇದೇನು ಈ ಹೊತ್ತಿನಲ್ಲಿ ಅನ್ನುವ ಹಾಗೆ ನೋಡಿದರು. "ವಾಪಸ್ ಕಳ್ಸಿದ್ರೆ ಸೊಪ್ಪೂ ಬಾಡ್ತದೆ, ಕಟ್ಟಿದೋಳ ಮುಖಾನೂ ಬಾಡ್ತದೆ. ಬಾಗ್ಲಲ್ಲೇ ಸರಿ ಮಾಡಿ ಏರ್ಸದು. ಸರಿ ಮಾಡ್ದೇನೂ ಏರ್ಸಂಗಿಲ್ಲ, ಒತ್ತಾಗಿದ್ರೆ ಒಳ್ಗಿರೋ ಹಸಿ ಎಲೆ ಕಾಣಾಕಿಲ್ಲ."

ಕಾಲ್‌ನಲ್ಲಿದ್ದ ಮೂವರೂ ಅದನ್ನು ಕೇಳಿಸಿಕೊಂಡರು. ಆಮೇಲೆ ಶಶಿಕುಮಾರ್, "ಪ್ರೇಮಾ, ನಿನ್ನ ಬಾಚೋ ಪ್ರೋಗ್ರಾಮನ್ನ ಬಾಗಿಲಿಗೇ ಹಾಕಕ್ಕಾಗುತ್ತಾ?" ಅಂದರು. "ಯಾರು ಹೆಂಗೆ ಬೇಕಾದ್ರೂ ಕಳಿಸಲಿ, ಅದು ಬಾಚಿ ಒಳಗೆ ಬಿಡಲಿ. ಬಾಚದೆ ಮಾತ್ರ ಒಂದು ಸಾಲೂ ಒಳಗೆ ಹೋಗಬಾರದು. ನಾವು ಜಾಗ ಗೀಗ ನೋಡೋದು ಬೇಡ, ಕೆಲಸ ನೋಡೋಣ."

"ನಿಮ್ಮ ನಿಯಮದ ಪುಟಗಳು?" ಅಂದೆ.

"ಅದರಲ್ಲಿ ಅರ್ಧ ನನ್ನ ಚಟ ಕಣ್ರೀ," ಅಂದರು. "ಅಳಿಸಿಬಿಡಿ. ನನಗೆ ಅಳಿಸೋಕೆ ಕೈ ಬರಲ್ಲ."

ಕಿರಣ, "ಬಾಚಿದ ಮೇಲೆ ನನ್ ಕೋಡು ನಂದು ಅನ್ನಿಸ್ದೆ ಓದ್ರೆ?" ಅಂದ. ನಾಲ್ಕು ಜನರದು ಅನ್ನಿಸಿದರೆ ಸಾಕು, ನಿಮ್ಮಪ್ಪನಿಗೆ ಹೇಳಿ ಮೊದಲು ಡಬ್ಬ ಬೀರುವಿನಿಂದ ಈಚೆ ತೆಗೆಸು ಅಂದೆ.

ಮೂರನೇ ಪಂಕ್ತಿ ಕೂರುತ್ತಿತ್ತು. ಅತ್ತೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲ ಪಂಕ್ತಿಯಲ್ಲಿ ಅವರೂ ಉಂಡಿರಲಿಲ್ಲ ಅಂತ ನಾದಿನಿ ಹೇಳಿದಳು. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ನನಗೆ ಹಸಿವೋ ಹಸಿವು. ಆದರೂ ಕಣ್ಣು ಫೋನಿನ ಮೇಲೆ. ಅಳಿಸಿದ ಸಾಲು ನಮ್ಮ ಡಬ್ಬದ ತನಕ ಮುಟ್ಟಿತೋ ಇಲ್ಲವೋ, ಮುಟ್ಟಿದರೂ ಇನ್ನೇನು ಕಾದಿದೆಯೋ. ಅತ್ತೆಯೂ ಅದನ್ನೇ ನೋಡುತ್ತಿದ್ದರು.

ತುತ್ತು ಸಾರಿಗೆ ಅದ್ದುವಷ್ಟರಲ್ಲಿ ಫೋನು ಬಡಿದುಕೊಂಡಿತು. ಛತ್ರಕ್ಕೆ ಛತ್ರವೇ ತಿರುಗಿ ನೋಡಿತು. ಬಡಿಸುವವನು ಸಾರಿನ ಬಕೆಟ್ ಹಿಡಿದು ನಿಂತುಬಿಟ್ಟ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ನಮ್ಮ ಬ್ಯಾರನ್ನಿನ ಬಿಸಿ ಇಳಿದಿದೆ ಎಂದಿತ್ತು. ನನಗೆ ಕಣ್ಣು ತುಂಬಿ ಬಂತು. ಅಷ್ಟು ಕರ್ಕಶವಾದ ಸದ್ದನ್ನು ಅಷ್ಟು ಸಂತೋಷದಿಂದ ನಾನು ಯಾವತ್ತೂ ಕೇಳಿಲ್ಲ. ಎಡಗೈಯಲ್ಲಿ ಆರಿಸಲು ಹೋದೆ.

"ಇನ್ನೊಸಿ ಕೂಗ್ಲಿ ಬುಡು," ಅಂದರು ಅತ್ತೆ.

ಅದು ಕೂಗುತ್ತಲೇ ಇತ್ತು. ಅವರು ಬಡಿಸುವವನನ್ನು ಕೈ ಮಾಡಿ ಕರೆದು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮುರಿದು, ಬೋಟಿಗೆ ಅದ್ದಿ, ನಿಧಾನವಾಗಿ ಉಂಡರು. ಆಮೇಲೆ ಎದುರು ಕೂತಿದ್ದ ಮಗಳಿಗೆ, "ಸಂಜೆ ಬಸ್ಸಿಗೆ ಓಯ್ತೀವಿ ಕಣ್ ಮಗ. ಊಟ ಆದ್ಮೇಲೆ ನಿನ್ ಮನೆ ತೋರ್ಸು ನಡಿ," ಅಂದರು.